ತೊಳೆಯಬಾರದ ಕಲ್ಲು

ಫಿನಾಯಿಲಕ್ಕನ ಮನೆಯಲ್ಲಿ ನೆಲಕ್ಕೆ ಬಿದ್ದ ಬಿಸ್ಕತ್ತನ್ನು ಊದದೆಯೇ ತಿನ್ನಬಹುದು ಎಂದು ಬೀದಿಯಲ್ಲಿ ಮಾತಿತ್ತು. ಮಾತು ಸುಳ್ಳಲ್ಲ. ಆಸ್ಪತ್ರೆಯ ಆಪರೇಷನ್ ಥಿಯೇಟರಿನ ಹಿಂದಿನ ಕೋಣೆಯಲ್ಲಿ ಕತ್ತರಿ, ಚಿಮುಟ, ಚಾಕುಗಳನ್ನು ಉಜ್ಜಿ ತೊಳೆದು, ಆವಿಯಲ್ಲಿ ಬೇಯಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಕೊಡುವುದರಲ್ಲೇ ಅವಳ ಆಯುಷ್ಯದ ಮುಕ್ಕಾಲು ಪಾಲು ಕಳೆದಿತ್ತು. ಅವಳು ಕಟ್ಟಿಕೊಟ್ಟ ಗಂಟು ಬಿಚ್ಚಿ ಹೊಟ್ಟೆ ಕೊಯ್ದ ಯಾವ ಡಾಕ್ಟರೂ ಗಾಯ ಕೀವಾಯಿತೆಂದು ಅವಳ ಕಡೆ ಬೆರಳು ತೋರಿಸಿದ್ದಿಲ್ಲ. ನಿವೃತ್ತಿಯ ದಿನ ಹಾರ ಹಾಕಿ ಕಳಿಸಿದರು, ಆದರೆ ಕೈಗಳಿಗೆ ಆ ಸುದ್ದಿ ಮುಟ್ಟಲೇ ಇಲ್ಲ. ಬಾಗಿಲ ಚಿಲಕ, ದೀಪದ ಸ್ವಿಚ್ಚು, ಕುರ್ಚಿಯ ಕಾಲು, ಕೊಡೆಯ ಹಿಡಿ ಎಲ್ಲಕ್ಕೂ ವಾರಕ್ಕೊಮ್ಮೆ ಬ್ಲೀಚಿಂಗ್ ಪುಡಿಯ ನೀರು. ಆ ನೀರಿಗೆ ಸಿಕ್ಕದೆ ಉಳಿದದ್ದು ಗಂಡ ಮಾತ್ರ, ಅದೂ ಅವರಿಗೆ ಓಡಾಡಲು ಕಾಲಿದ್ದುದರಿಂದ.

ಗಂಡ ಅದೇ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂತಿದ್ದವರು. ಎಲ್ಲರ ಬಾಯಲ್ಲೂ ಕಂಪೌಂಡರು. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಹೋದದ್ದು, ಅರ್ಧ ಚಮಚ ಒಂದು ಚಮಚವಾದದ್ದು ಅವರ ಕಾಲದಲ್ಲಿ ಇಲ್ಲವೇ ಇಲ್ಲ. ಅಳತೆಯೆಂದರೆ ಅವರಿಗೆ ಮರ್ಯಾದೆಯ ಪ್ರಶ್ನೆ. ಇಂಥವರಿಗೆ ನಿವೃತ್ತಿಯಲ್ಲಿ ಅಳೆಯಲು ಏನೂ ಇಲ್ಲದೆ ಹೋದರೆ ಕಷ್ಟ. ಅವರೋ ಹೆಂಡತಿ ಹಾಕುವ ಕಾಫಿಪುಡಿಯನ್ನು ಅಳೆಯತೊಡಗಿದ್ದರು.

ಅಷ್ಟರಲ್ಲಿ ಬಣ್ಣದ ಮೀನಿನ ಅಂಗಡಿಯ ಮುಂದೆ ಅವರಿಗೆ ಅಕ್ವಾಪೋನಿಕ್ಸ್ ಹುಚ್ಚು ಹತ್ತಿತು. ಕೆಳಗೆ ಮೀನಿನ ತೊಟ್ಟಿ, ಮೇಲೆ ಜಲ್ಲಿಕಲ್ಲು ತುಂಬಿದ ಟಬ್ಬು, ಕಲ್ಲಿನ ನಡುವೆ ಬೇರು ಬಿಟ್ಟ ಸೊಪ್ಪು. ಮಣ್ಣಿನ ಕಾಟವಿಲ್ಲ. ಪುಟ್ಟ ಪಂಪೊಂದು ಮೀನಿನ ನೀರನ್ನು ಮೇಲಕ್ಕೆತ್ತುತ್ತದೆ, ನೀರು ಕಲ್ಲುಗಳ ಸಂದಿಯಲ್ಲಿ ಇಳಿದು ಮತ್ತೆ ತೊಟ್ಟಿಗೆ ಬೀಳುತ್ತದೆ. ಮೀನಿನ ಹೊಲಸು ಗಿಡಕ್ಕೆ ಊಟ, ಗಿಡ ಸೋಸಿ ಬಿಟ್ಟ ನೀರು ಮೀನಿಗೆ ಮನೆ. ಕಂಪೌಂಡರು ಅಂಗಡಿಯಲ್ಲಿ ಊಟದ ಹೊತ್ತು ಮೀರುವವರೆಗೆ ನಿಂತಿದ್ದು, ಮನೆಗೆ ಬಂದವರೇ ಹಿಂದಿನ ಬಾಲ್ಕನಿಯನ್ನು ಅಳೆದರು.

ಕೆಲಸ ಮಾತ್ರ ಅಚ್ಚುಕಟ್ಟು. ದೊಡ್ಡ ಪ್ಲಾಸ್ಟಿಕ್ ತೊಟ್ಟಿಯ ಮೇಲೆ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಪಾತ್ರೆ ತೊಳೆಯುವ ಅಗಲವಾದ ಟಬ್ಬು, ಟಬ್ಬಿನ ತಳಕ್ಕೆ ಕಾಸಿದ ಮೊಳೆಯಿಂದ ತೂತು. ಜಲ್ಲಿಯ ಮೇಲೆ ವಿನಿಗರ್ ಹನಿಸಿ ನೊರೆ ಬರುತ್ತದೆಯೇ ಎಂದು ನೋಡಿದರು, ನೊರೆ ಬರುವುದು ಸುಣ್ಣದ ಕಲ್ಲು, ಅದು ಆಗದಂತೆ. ನಲ್ಲಿಯ ನೀರನ್ನು ಬಕೆಟ್ಟುಗಳಲ್ಲಿ ಹಿಡಿದಿಟ್ಟು ಕ್ಲೋರಿನ್ ಹಾರಿಹೋದ ಮೇಲೆ ತುಂಬಿದರು. ಪುದೀನ ಕಡ್ಡಿ, ಪಾಲಕ್ ಸಸಿ ನೆಟ್ಟು, ಬೆರಳುದ್ದದ ಕೆಂಪು ಮೀನು ಬಿಟ್ಟರು. ನೀರು ಪರೀಕ್ಷಿಸಲು ಗಾಜಿನ ಪುಟ್ಟ ನಳಿಗೆ, ಹನಿ ಹಾಕುವ ಸೀಸೆ. ಹನಿ ಬಿದ್ದ ನೀರು ಹಳದಿಯಾದರೆ ಕ್ಷೇಮ, ಹಸಿರಾದರೆ ಅಮೋನಿಯಾ ಏರಿದೆ, ಅದು ಮೀನಿಗೆ ವಿಷ. ಆ ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವಾಗ ಕಂಪೌಂಡರು ಮತ್ತೆ ಕಿಟಕಿಯ ಹಿಂದೆ ಕೂತವರ ಹಾಗೆ ಕಾಣುತ್ತಿದ್ದರು. ಫಿನಾಯಿಲಕ್ಕನಿಗೆ ಅದನ್ನು ನೋಡಿ ಸಂತೋಷವಾಗುತ್ತಿತ್ತು. ಆದರೆ ಹಾಗೆಂದು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

"ನೀರು ಪಳಗ್ಬೇಕು ಕಣೇ," ಎಂದರು ಕಂಪೌಂಡರು ಒಂದು ದಿನ. "ಒಂದೂವರೆ ತಿಂಗಳಾದ್ರೂ ಬೇಕಂತೆ. ಕಲ್ಲಿನ ಮೇಲೆ ಒಳ್ಳೆ ಕ್ರಿಮಿ ಬಂದು ಕೂರ್ಬೇಕಂತೆ."

"ಒಳ್ಳೆ ಕ್ರಿಮಿ, ಒಳ್ಳೆ ಕಳ್ಳ. ಎರಡನ್ನೂ ನಾನು ಕಂಡಿಲ್ಲ," ಎಂದಳು ಅವಳು.

ಕಂಪೌಂಡರು ನಕ್ಕುಬಿಟ್ಟರು. ಈ ಹೆಂಡತಿಯ ಎದುರು ಕ್ರಿಮಿಯ ಪರವಾಗಿ ವಾದಿಸಿ ಗೆದ್ದವರು ಯಾರಿದ್ದಾರೆ? ಅವರು ನಕ್ಕದ್ದರಿಂದ ಅವಳೂ ಅದನ್ನು ತಮಾಷೆಯೆಂದೇ ತಿಳಿದಳು. ಎಲ್ಲ ಅನಾಹುತವೂ ಆ ನಗುವಿನಿಂದಲೇ ಶುರುವಾಯಿತು.

ಕಂಪೌಂಡರು ಸಂಜೆ ಲೈಬ್ರರಿಗೆ ಪೇಪರ್ ಓದಲು ಹೋಗುತ್ತಾರೆ. ಅವರು ಮೆಟ್ಟಿಲಿಳಿದ ಮೇಲೆ ಅವಳು ವಾರಕ್ಕೊಮ್ಮೆ ಪಂಪು ನಿಲ್ಲಿಸಿ, ಸಸಿಗಳನ್ನು ಎತ್ತಿಟ್ಟು, ಕಲ್ಲುಗಳನ್ನೆಲ್ಲ ಬಕೆಟ್ಟಿಗೆ ಸುರಿದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಉಜ್ಜಿ, ವಾಸನೆಯ ಸುಳಿವೂ ಇಲ್ಲದಂತೆ ಜಾಲಿಸಿ, ಮೊದಲಿದ್ದ ಹಾಗೆಯೇ ಜೋಡಿಸಿಡುತ್ತಿದ್ದಳು. ಪಂಪಿನ ಸ್ಪಂಜಿಗೂ ಅದೇ ಉಪಚಾರ. ಕದ್ದು ಮಾಡಿದ್ದಲ್ಲ. ಕಸ ಗುಡಿಸಿದೆ ಎಂದು ಯಾವ ಹೆಂಗಸು ಗಂಡನಿಗೆ ವರದಿ ಒಪ್ಪಿಸುತ್ತಾಳೆ? ಅವರಿದ್ದಾಗ ಮಾಡಿದರೆ ಸೊಂಟ ನೋವು, ಭಾರ ಎತ್ತಬೇಡ ಎಂಬ ಉಪದೇಶ ಕೇಳಬೇಕಾಗುತ್ತಿತ್ತು, ಅಷ್ಟೇ. ಕಲ್ಲು ಯಾಕೆ ಹೊಸದರಂತೆ ಹೊಳೆಯುತ್ತಿದೆ ಎಂದು ಕಂಪೌಂಡರಿಗಾದರೂ ಅನುಮಾನ ಬರಬೇಕಿತ್ತು. ಆದರೆ ಎಲ್ಲವೂ ಹೊಳೆಯುವ ಮನೆಯಲ್ಲೇ ಅವರ ತಲೆ ನೆರೆತಿತ್ತು. ಕಲ್ಲು ಹೊಳೆಯುವುದು ಅಲ್ಲಿ ಏನೂ ವಿಶೇಷವಲ್ಲ.

ಮೀನುಗಳು ಒಂದೊಂದಾಗಿ ಸತ್ತವು. ಮೊದಲು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು, ಆಮೇಲೆ ವಾಲಿಕೊಂಡು ತೇಲುತ್ತಿದ್ದವು. ನಳಿಗೆಯ ನೀರು ಕಡು ಹಸಿರು. ಕಂಪೌಂಡರು ಅರ್ಧ ನೀರು ಬದಲಿಸಿ ಬೇರೆ ಮೀನು ತಂದರು. ಅವೂ ಹೋದವು.

"ಅಮೋನಿಯಾ ಏರಿದೆ ಅಂದ್ರೆ ತಿಂಡಿ ಜಾಸ್ತಿ ಬಿದ್ದಿದೆ ಅಂತ," ಎಂದರು ತೊಟ್ಟಿಯ ಪಕ್ಕ ಸ್ಟೂಲು ಹಾಕಿ ಕೂತು. "ತಿಂಡಿ ಹಾಕೋನು ನಾನೊಬ್ಬನೇ. ಅಂದ್ಮೇಲೆ ಬೆಳಿಗ್ಗೆ ಹಾಕಿದ್ದನ್ನ ಮರೆತು ಮತ್ತೆ ಹಾಕ್ತಿದ್ದೀನಿ."

"ಮೀನು ಸಾಯೋದಕ್ಕೆ ಸಾವಿರ ಕಾರಣ ಇರುತ್ತೆ. ಎದ್ದು ಬನ್ನಿ, ಕಾಫಿ ಆರ್ತಾ ಇದೆ."

ಅವರು ಏಳಲಿಲ್ಲ. ಅವರ ಮನಸ್ಸಿನಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಕಂಪೌಂಡರ ಅಣ್ಣ ಕೊನೆಗಾಲದಲ್ಲಿ ಎಲ್ಲವನ್ನೂ ಮರೆತು, ಊಟ ಬಡಿಸುತ್ತಿದ್ದ ಸ್ವಂತ ಹೆಂಡತಿಯನ್ನೇ "ನೀವು ಯಾರ ಮನೆಯವರಮ್ಮಾ?" ಎಂದು ಕೇಳಿದವರು. ಅದನ್ನು ಎದುರು ಕೂತು ನೋಡಿ ಬಂದಿದ್ದ ಕಂಪೌಂಡರಿಗೆ ಸಾವಿನ ಹೆದರಿಕೆ ಇರಲಿಲ್ಲ. ಈ ಒಂದರ ಹೆದರಿಕೆ ಮಾತ್ರ ಎಲುಬಿಗೆ ಇಳಿದಿತ್ತು.

ಮೂರನೆಯ ಸಲ ಮೀನು ತಂದಾಗ ಅವರು ಹಳೆಯ ವಿದ್ಯೆಯನ್ನೇ ಹೂಡಿದರು. ಕಾಗದ ಕತ್ತರಿಸಿ, ಆಸ್ಪತ್ರೆಯಲ್ಲಿ ಪುಡಿ ಔಷಧಿಗೆ ಮಡಿಸುತ್ತಿದ್ದ ಹಾಗೆ ಪೊಟ್ಟಣ ಮಡಿಸಿ, ದಿನಕ್ಕೊಂದರಂತೆ ಮೀನಿನ ತಿಂಡಿ ಕಟ್ಟಿಟ್ಟರು. ಪೊಟ್ಟಣ ಇಲ್ಲವೆಂದರೆ ಹಾಕಿಯಾಗಿದೆ ಎಂದರ್ಥ, ಎರಡು ಸಲ ಹಾಕುವ ಮಾತೇ ಇಲ್ಲ. ಆದರೂ ನೀರು ಹಸಿರಾಯಿತು, ಮೀನು ತೇಲಿದವು. ಆಗ ಕಂಪೌಂಡರು ತಮ್ಮ ಕೈಗಳನ್ನು ಮಗುಚಿ ಮಗುಚಿ ನೋಡಿಕೊಂಡರು. ಕಟ್ಟುವಾಗಲೇ ಅಳತೆ ತಪ್ಪಿರಬೇಕು, ಇನ್ನೇನು?

ಆ ಸಂಜೆ ಎರಡು ಬೀದಿ ಆಚೆಯಿಂದ ಮಗಳು ಬಂದಾಗ ಅವರು ಮನೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಅವಳ ಕಡೆ ತಳ್ಳಿದರು. "ಇದು ನಿನ್ನ ಹತ್ರ ಇರ್ಲಿ. ಮರೆವಿಗೆ ನೋಡೋ ಡಾಕ್ಟರ ಹತ್ರ ನನ್ನ ಕರ್ಕೊಂಡು ಹೋಗು. ಆಮೇಲೆ ನಿಮ್ಮನೆಗೋ ಇನ್ನೆಲ್ಲಿಗೋ, ನೀವು ಹೇಳಿದ ಹಾಗೆ." ಮಗಳು ಕಣ್ಣೊರೆಸಿಕೊಂಡು ಫೋನು ಮಾಡಿದಳು. ಡಾಕ್ಟರು ಸಿಗುವುದು ಒಂದೂವರೆ ತಿಂಗಳ ಮೇಲೆ ಎಂದಾಯಿತು. ಮಗಳು ಹೋದ ಮೇಲೆ ಕಂಪೌಂಡರು ತಮ್ಮ ರಕ್ತದೊತ್ತಡದ ಮಾತ್ರೆ ಡಬ್ಬಿಯನ್ನು ತಂದು ಹೆಂಡತಿಯ ಮಡಿಲಲ್ಲಿ ಇಟ್ಟರು.

"ಇನ್ನು ನೀನೇ ಎಣಿಸಿ ಕೊಡು."

ಊರಿಗೆಲ್ಲ ಮಾತ್ರೆ ಎಣಿಸಿ ಕೊಟ್ಟವರ ಬಾಯಲ್ಲಿ ಬಂದ ಮಾತು ಅದು. ದುಃಖವನ್ನು ಹೇಗೆ ಪಡಬೇಕೆಂದು ಅವಳಿಗೆ ಗೊತ್ತಿರಲಿಲ್ಲ, ಸಿಟ್ಟು ಮಾಡುವುದು ಗೊತ್ತಿತ್ತು. ಮರುದಿನ ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ನೆಟ್ಟಗೆ ಮೀನಿನ ಅಂಗಡಿಗೆ ನಡೆದಳು.

"ರೋಗದ ಮೀನು ಮಾರಿ ವಯಸ್ಸಾದವರ ತಲೆ ಕೆಡಿಸ್ತೀಯೇನಯ್ಯಾ?"

ಅಂಗಡಿಯವನು ಇಂಥ ಗಿರಾಕಿಗಳನ್ನು ಬೇಕಾದಷ್ಟು ಕಂಡವನು. "ಮೀನು ಚೆನ್ನಾಗಿತ್ತಮ್ಮಾ. ನೀರು ಪಳಗಿಲ್ಲ ಅಂತ ಕಾಣುತ್ತೆ. ಕಲ್ಲಿನ ಮೇಲೆ ಲೋಳೆ ಕಟ್ಟಿದೆಯಾ?"

"ಲೋಳೆನಾ? ನನ್ನ ಮನೇಲಾ?" ಅವಳಿಗೆ ಮೈ ಉರಿದುಹೋಯಿತು. "ವಾರಕ್ಕೊಂದ್ಸಲ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ, ಏಳು ನೀರಲ್ಲಿ ಜಾಲಿಸಿ ಇಡ್ತೀನಿ. ಆ ಕಲ್ಲನ್ನ ಕೂಸಿನ ಬಾಯಿಗೆ ಕೊಟ್ರೂ ಏನಾಗಲ್ಲ, ತಿಳ್ಕೋ."

ಅಂಗಡಿಯವನು ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟ. "ಅಮ್ಮಾ, ಹೆಪ್ಪು ಹಾಕಿದ ಪಾತ್ರೇನ ಗಳಿಗೆಗೊಂದ್ಸಲ ಬಿಸಿನೀರಲ್ಲಿ ತೊಳೀತಿದ್ರೆ ಮೊಸರು ಯಾವಾಗ ಆಗ್ಬೇಕು? ಮೀನಿನ ಹೊಲಸಲ್ಲಿರೋ ವಿಷಾನ ತಿಂದು ಅರಗಿಸೋದೇ ಆ ಲೋಳೆ. ಅದು ಇಲ್ಲದಿದ್ರೆ ಮೀನು ತನ್ನ ಹೊಲಸಲ್ಲೇ ಉಸಿರುಕಟ್ಟಿ ಸಾಯುತ್ತೆ. ತಿಂಡಿ ಎಷ್ಟೇ ಕಮ್ಮಿ ಹಾಕಿ, ಸಾಯುತ್ತೆ."

ಮೊಸರಿನ ಮಾತು ಅವಳಿಗೆ ಥಟ್ಟನೆ ನಾಟಿತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಇಲ್ಲಿ ವಾರವಾರವೂ ದೊಣ್ಣೆ ಬೀಸಿದ್ದವಳು ತಾನು. ಸತ್ತ ಮೀನುಗಳಿಗಾಗಿ ಅವಳು ಅಷ್ಟೇನೂ ಮರುಗಲಿಲ್ಲ. ನೆನಪಾದದ್ದು ಮಾತ್ರೆ ಡಬ್ಬಿ ಮಡಿಲಿಗಿಟ್ಟ ಆ ಮುಖ. ಅವರ ಅಳತೆ ತಪ್ಪಿರಲೇ ಇಲ್ಲ.

ಮನೆಗೆ ಬಂದವಳು ಚಪ್ಪಲಿ ಕೂಡ ತೊಳೆಯದೆ ಒಳಗೆ ಹೋಗಿ ಗಂಡನ ಮುಂದೆ ನಿಂತಳು. "ರೀ, ಮೀನು ಸಾಯ್ಸಿದ್ದು ನಾನು. ಕಲ್ಲು ತೊಳ್ದೂ ತೊಳ್ದೂ ನಾನೇ ಸಾಯ್ಸಿದ್ದು. ನಿಮ್ಮ ಮರೆವಲ್ಲ," ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು.

ಕಂಪೌಂಡರು ಪೂರ್ತಿ ಕೇಳಿದರು. ಆಮೇಲೆ ಅವಳ ಕೈ ಹಿಡಿದು ಮೆಲ್ಲಗೆ ತಟ್ಟಿದರು. "ಹಾಲು ಸೀದಿದ್ದು ನೀನೇ ಅಂದೆ. ಬಾಗಿಲಲ್ಲಿ ಬೀಗದ ಕೈ ಬಿಟ್ಟಿದ್ದೂ ನೀನೇ ಅಂದೆ. ಈಗ ಮೀನೂ ನೀನೇ. ಎಷ್ಟೂಂತ ನನ್ನ ತಪ್ಪು ಹೊರ್ತೀಯೇ?"

ಹಾಲಿನ ವಿಷಯದಲ್ಲಿ ಅವಳು ಹೇಳಿದ್ದು ನಿಜಕ್ಕೂ ಸುಳ್ಳು. ಕೆಲವು ತಿಂಗಳ ಹಿಂದೆ ಒಲೆಯ ಮೇಲೆ ಹಾಲಿಟ್ಟು ಮರೆತವರು ಕಂಪೌಂಡರೇ. ಪಾತ್ರೆ ಇದ್ದಿಲಾಗಿ ಮನೆಯೆಲ್ಲ ಹೊಗೆ ತುಂಬಿ, ಮಗಳು ಮೂಗು ಮುಚ್ಚಿಕೊಂಡು ಬಂದಾಗ "ನಾನೇ ಇಟ್ಟು ಮರೆತೆ ಕಣೇ" ಎಂದುಬಿಟ್ಟಿದ್ದಳು. ನಾನಲ್ಲವೇ ಇಟ್ಟದ್ದು ಎಂದು ಅವರು ಕೇಳಿದರೆ ಕನಸು ಕಂಡಿರೇನು ಎಂದು ಬಾಯಿ ಮುಚ್ಚಿಸಿದ್ದಳು. ಬೀಗದ ಕೈಯ ಕಥೆಯೂ ಅದೇ. ಪ್ರೀತಿಯಿಂದ ಹೇಳಿದ ಸುಳ್ಳು ಎಂದು ಅವಳು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಈಗ ನಿಜ ಹೇಳುವ ಹೊತ್ತಿಗೆ ಅವಳ ನಾಲಿಗೆಗೆ ಬೆಲೆಯೇ ಉಳಿದಿರಲಿಲ್ಲ.

ಮಾತಿಗಾಗದ್ದನ್ನು ನೀರಾದರೂ ತೋರಿಸಲಿ ಎಂದು ಅವಳು ಮತ್ತೆ ಅಂಗಡಿಗೆ ಹೋದಳು. ಅಂಗಡಿಯವನು ತನ್ನ ಹಳೆಯ ತೊಟ್ಟಿಯಿಂದ ಕಂದು ಲೋಳೆ ಮೆತ್ತಿದ ಎರಡು ಬೊಗಸೆ ಕಲ್ಲನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಕೊಟ್ಟ, ಜೊತೆಗೆ ಒಂದಿಷ್ಟು ಮೀನು. ಜೀವಮಾನದಲ್ಲಿ ಮೊದಲ ಸಲ ಫಿನಾಯಿಲಕ್ಕ ಹೊಲಸನ್ನು ಹಣ ಕೊಟ್ಟು ಕೊಂಡು, ಎದೆಗವಚಿಕೊಂಡು ಬೀದಿಯಲ್ಲಿ ನಡೆದಳು. ಪಾಚಿಯ ವಾಸನೆ ಮೂಗಿಗೆ ಅಡರುತ್ತಿತ್ತು.

"ಇದೇನೇ ವಾಸನೆ?" ಎಂದರು ಕಂಪೌಂಡರು.

"ಹೆಪ್ಪು," ಎಂದು ಅವಳು ಆ ಕಲ್ಲುಗಳನ್ನು ಟಬ್ಬಿನ ನಡುವೆ ಹೂತಳು. "ಇನ್ಮೇಲೆ ನಾನು ಈ ಬಾಲ್ಕನಿಗೆ ಕಾಲಿಡಲ್ಲ. ಎಲ್ಲಾ ನೀವೇ ನೋಡ್ಕೊಳ್ಳಿ."

"ನನ್ನ ಕೈಗೆ ಮತ್ತೆ ಜೀವ ಕೊಡ್ಬೇಡ್ವೇ," ಎಂದು ಅವರು ಬೇಡಿಕೊಂಡರು. ಆದರೆ ಮೀನು ಬಂದಾಗಿತ್ತು, ಉಪವಾಸ ಕೆಡವಲು ಅವರಿಂದಾಗಲಿಲ್ಲ. ಅವರು ಗೊಣಗಿಕೊಂಡೇ ಪೊಟ್ಟಣ ಮಡಿಸಲು ಕೂತರು, ಮೊದಲಿನದೇ ಅಳತೆ.

ಆಮೇಲಿನ ದಿನಗಳನ್ನು ಫಿನಾಯಿಲಕ್ಕ ಹೇಗೆ ಕಳೆದಳೆಂದು ಅವಳನ್ನೇ ಕೇಳಬೇಕು. ಬಾಲ್ಕನಿಯ ಗಾಜಿನ ಬಾಗಿಲಿನಿಂದ ನೋಡಿದರೆ ಕಲ್ಲುಗಳ ಮೇಲೆ ಕಂದು ಪೊರೆ ದಿನದಿನಕ್ಕೂ ಹಬ್ಬುತ್ತಿತ್ತು, ಕೊಳವೆಯ ಬಾಯಲ್ಲಿ ಎಂಥದೋ ನಾರು ಜೋತಾಡುತ್ತಿತ್ತು. ಅವಳ ಕೈ ತುರಿಸುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಆದ್ದರಿಂದ ಆ ಗುಣವನ್ನು ಬೇರೆ ಕಡೆ ತೀರಿಸಿಕೊಂಡಳು. ಫ್ಯಾನಿನ ರೆಕ್ಕೆ, ಫ್ರಿಜ್ಜಿನ ಬೆನ್ನು, ಗಡಿಯಾರದ ಹಿಂಬದಿ ಮುಗಿದ ಮೇಲೆ ಇಡೀ ಕಟ್ಟಡದ ಮೆಟ್ಟಿಲು ತೊಳೆದಳು. ಕೆಳಮನೆಯಾಕೆ ಜಾರಿ ಬೀಳುವವಳು ಸ್ವಲ್ಪದರಲ್ಲಿ ಉಳಿದಳು. ಆದರೆ ಬಾಲ್ಕನಿಯ ಹೊಸ್ತಿಲನ್ನು ಅವಳು ದಾಟಲಿಲ್ಲ. ಮೊದಲಲ್ಲಿ ನೀರು ಹಸಿರಾಗಿ ಒಂದೆರಡು ಮೀನು ಸತ್ತವು. "ನೋಡಿದ್ಯಾ?" ಎಂದರು ಕಂಪೌಂಡರು. ಅವಳು ಗಡಿಯಾರವನ್ನು ಮತ್ತೊಮ್ಮೆ ಒರೆಸಲು ಹೋದಳು. ನಂತರ ಯಾವುದೂ ಸಾಯಲಿಲ್ಲ. ಪುದೀನ ಚಿಗುರಿತು.

ಡಾಕ್ಟರ ಬಳಿ ಹೋಗಬೇಕಾದ ದಿನ ಬೆಳಿಗ್ಗೆ ಕಂಪೌಂಡರು ನಳಿಗೆಯನ್ನು ಬೆಳಕಿಗೆ ಹಿಡಿದು ನಿಂತಿದ್ದರು. ಹಳದಿ. ನಳಿಗೆ ತೊಳೆದು ಮತ್ತೆ ಹನಿ ಹಾಕಿದರು. ಆಗಲೂ ಹಳದಿಯೇ. ಫಿನಾಯಿಲಕ್ಕ ಗಾಜಿನ ಈಚೆಯಿಂದ ನೋಡುತ್ತ ಈಗ ನಗುತ್ತಾರೆ, ಈಗ ನಗುತ್ತಾರೆ ಎಂದು ಕಾದಳು. ಅವರು ನಗಲಿಲ್ಲ.

"ನಾನು ಲೈಬ್ರರಿಗೆ ಹೋದಾಗ ನೀರು ಬದಲಾಯಿಸಿದ್ದೀಯ," ಎಂದರು ಒಳಗೆ ಬಂದು ಕೂತು. "ಸತ್ತ ಮೀನಿನ ಜಾಗಕ್ಕೆ ಬೇರೆ ತಂದು ಬಿಟ್ಟಿದ್ರೂ ಬಿಟ್ಟಿರ್ತೀಯ. ಡಾಕ್ಟರ ಹತ್ರ ಹೋಗೋ ಮೊದಲು ನನಗೆ ಧೈರ್ಯ ಬರ್ಲಿ ಅಂತ. ನಿನ್ನ ನಾನು ಕಾಣೆನೇನೇ?"

ಅಷ್ಟು ದಿನ ಕೊಳೆಯನ್ನು ಕಣ್ಣೆದುರು ಬೆಳೆಯಗೊಟ್ಟವಳಿಗೆ ಸಹನೆ ತೀರಿತು. ಮಗಳು ಆಗಷ್ಟೇ ಒಳಗೆ ಬಂದು ಚಪ್ಪಲಿ ಬಿಡುತ್ತಿದ್ದಳು. ಅವಳ ಎದುರು ಈ ಮಾತು ಆಡಿದರೆ ಏನಾಗಬಹುದೆಂದು ಫಿನಾಯಿಲಕ್ಕನಿಗೆ ಗೊತ್ತಿತ್ತು. ಒಲೆಯ ಹತ್ತಿರ ಅಪ್ಪನನ್ನು ಬಿಡಬೇಡ ಎಂದಾಳು, ಮನೆಯನ್ನೇ ಬಿಡಿಸಿಯಾಳು. ಆದರೂ ಆಡಿದಳು.

"ಸರಿ, ಕೇಳಿಸ್ಕೊಳ್ಳಿ. ಹಾಲು ಸೀಸಿದ್ದು ನೀವು. ಒಲೆ ಮೇಲಿಟ್ಟು ಬಾಲ್ಕನಿಗೆ ಹೋಗಿ ಕೂತ್ಬಿಟ್ರಿ. ನಾನೇ ಅಂತ ಸುಳ್ಳು ಹೇಳಿದೆ. ಬಾಗಿಲಲ್ಲಿ ಬೀಗದ ಕೈ ಬಿಟ್ಟಿದ್ದೂ ನೀವೇ. ಅದನ್ನೂ ಮುಚ್ಚಿಟ್ಟೆ."

ಮಗಳು ಒಂದು ಚಪ್ಪಲಿಯಲ್ಲೇ ನಿಂತುಬಿಟ್ಟಳು. ಕಂಪೌಂಡರು ಕೂತಲ್ಲೇ ಮುಂದಕ್ಕೆ ಬಾಗಿದರು.

"ಹಾಲು... ನಾನೇನಾ?"

"ನೀವೇ."

"ಬೀಗದ ಕೈ?"

"ಅದೂ ನೀವೇ. ಎರಡೇ. ಇನ್ನೇನೂ ಇಲ್ಲ."

ಅವರು ತಲೆ ತಗ್ಗಿಸಿದರು. ಅವಳಿಗೆ ಹೋಗಿ ಆ ತಲೆಯನ್ನು ಹೊಟ್ಟೆಗವಚಿಕೊಳ್ಳಬೇಕೆನಿಸಿತು, ಹೇಳಿದ್ದನ್ನೆಲ್ಲ ನುಂಗಿಬಿಡಬೇಕೆನಿಸಿತು. ಎರಡನ್ನೂ ಮಾಡದೆ ನಿಂತಳು.

"ಮೀನು?" ಎಂದರು ಅವರು ತಲೆಯೆತ್ತದೆ.

"ಮೀನು ನಾನು."

ಕಂಪೌಂಡರು ನಿಧಾನವಾಗಿ ಮುಖವೆತ್ತಿದರು. ನಳಿಗೆಯನ್ನು ನೋಡುವ ಹಾಗೆಯೇ ಒಂದು ಕಣ್ಣು ಕಿರಿದು ಮಾಡಿ ಹೆಂಡತಿಯನ್ನು ನೋಡಿದರು. ತಮ್ಮನ್ನು ಸಂತೈಸಲು ಬಂದವಳು ಹಾಲಿನ ಮಾತನ್ನು ಹೇಳುತ್ತಿರಲಿಲ್ಲ. ಅಷ್ಟನ್ನು ಹೇಳಿದವಳು ಇದೊಂದರಲ್ಲಿ ಸುಳ್ಳು ಹೇಳುವುದಿಲ್ಲ.

"ಹಾಗಾದ್ರೆ ನನ್ನ ಪೊಟ್ಟಣ ಸರಿಯಾಗೇ ಇತ್ತು," ಎಂದರು.

"ಒಂದು ಕಾಳೂ ಹೆಚ್ಚಿರ್ಲಿಲ್ಲ."

ಅವರು ಮೇಲೆದ್ದು ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿ, ಮಗಳಿಗೆ ಹೇಳಿದರು: "ನಡಿಯಮ್ಮ, ಹೋಗೋಣ. ಡಾಕ್ಟರಿಗೆ ಹಾಲು ಹೇಳು, ಬೀಗದ ಕೈ ಹೇಳು. ಇರೋದನ್ನ ಇದ್ದ ಹಾಗೆ ಹೇಳು, ಔಷಧಿ ಕೊಡೋದಾದ್ರೆ ಕೊಡ್ಲಿ. ಮೀನಿನ ವಿಷಯ ಮಾತ್ರ ಎತ್ಬೇಡ. ಅದು ನಿಮ್ಮಮ್ಮನ ಕೇಸು."

ಮೆಟ್ಟಿಲಲ್ಲಿ ಕೆಳಮನೆಯಾಕೆ ಎದುರಾದಳು. ಕೇಳದಿದ್ದರೂ ಕಂಪೌಂಡರು ನಿಂತು ಅವಳಿಗೆ ಎಲ್ಲವನ್ನೂ ಹೇಳಿದರು. ತಮ್ಮ ಹೆಂಡತಿ ಬ್ಲೀಚಿಂಗ್ ಪುಡಿ ಹಾಕಿ ಮನೆಯ ಮೀನುಗಳನ್ನೆಲ್ಲ ಸಾಯಿಸಿದ್ದಾಳೆ ಎಂದು, ಮಗಳ ಮದುವೆ ನಿಶ್ಚಯವಾದ ಸುದ್ದಿ ಹೇಳುವಷ್ಟು ಹಿಗ್ಗಿನಲ್ಲಿ ಹೇಳಿದರು. ಕೆಳಮನೆಯಾಕೆಗೆ ನಂಬಿಕೆ ಬರಲಿಲ್ಲ. ಆಕೆ ಕತ್ತೆತ್ತಿ ಮೇಲೆ ಬಾಗಿಲಲ್ಲಿ ನಿಂತಿದ್ದವಳನ್ನು ನೋಡಿದಳು.

"ಹೌದಾ ಅಕ್ಕಾ? ನಿಮ್ಮ ಕೈಯಲ್ಲಾ?"

ಜೀವಮಾನವಿಡೀ ಒಂದು ಗಾಯವೂ ಕೀವಾಗಲು ಬಿಡದ ಹೆಸರು ಅದು. ಫಿನಾಯಿಲಕ್ಕನ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಕೆಳಗಿನ ಮೆಟ್ಟಿಲಲ್ಲಿ ನಿಂತ ಗಂಡನಿಗೂ ಕೇಳಿಸಲಿ ಎಂದು ಅವಳು ಗಟ್ಟಿಯಾಗಿ ಕೂಗಿ ಹೇಳಿದಳು.

"ಹೌದು ಕಣಮ್ಮಾ, ನಾನೇ ಕೊಂದಿದ್ದು. ಅವರು ಹಾಕಿದ್ದ ಅಳತೆ ಸರಿಯಾಗಿತ್ತು."